ನಕುರುವಿನಲ್ಲಿ ಪಟ್ಟಿ ರಾಯರು

ಪಟ್ಟಿ ರಾಯರನ್ನು ನೀವು ನೋಡಿಯೇ ಇರುತ್ತೀರಿ. ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಲಾಲ್‌ಬಾಗಿನ ಗಾಜಿನ ಮನೆ ಹತ್ತಿರ ಸಿಗುತ್ತಾರೆ, ರಂಗನತಿಟ್ಟಿನ ದೋಣಿಯಲ್ಲಿ ಸಿಗುತ್ತಾರೆ. ಸ್ವಂತ ಮಗಳ ಮದುವೆಯಲ್ಲೂ ಬೀಗರ ಮಾತಿಗೆ ಹೂಂಗುಟ್ಟುತ್ತ ಕಲ್ಯಾಣಮಂಟಪದ ಕಿಟಕಿಯಾಚೆಗಿನ ಹೊಂಗೆಮರ ನೋಡುತ್ತಿದ್ದವರು ಅವರೇ. ಬ್ಯಾಂಕಿನಿಂದಲೋ ಸಾರ್ವಜನಿಕ ಉದ್ಯಮದಿಂದಲೋ ನಿವೃತ್ತರು. ಮೈಮೇಲೆ ತೋಳಿಲ್ಲದ ಖಾಕಿ ಜಾಕೆಟ್ಟು, ಅದಕ್ಕೆ ಲೆಕ್ಕವಿಲ್ಲದಷ್ಟು ಜೇಬು. ಯಾವ ಜೇಬಿನಲ್ಲಿ ಏನಿದೆ ಎಂಬುದು ಹೆಂಡತಿಗೆ ಮಾತ್ರ ಗೊತ್ತು. ಕೊರಳಲ್ಲಿ ಬೈನಾಕ್ಯುಲರ್. ಅದರ ಪಟ್ಟಿ ಉಜ್ಜಿ ಉಜ್ಜಿ ಕತ್ತಿನ ಹಿಂದೆ ಒಂದು ಕಪ್ಪು ಗೆರೆ ಶಾಶ್ವತವಾಗಿ ಬಿದ್ದಿದೆ.

ರಾಯರಿಗೆ ಹಕ್ಕಿ ಅಂದರೆ ಪ್ರಾಣ ಎಂದು ಬಂಧುಬಳಗ ನಂಬಿದೆ. ಹತ್ತಿರದಿಂದ ಕಂಡವರು ಇದನ್ನು ಸ್ವಲ್ಪ ತಿದ್ದುತ್ತಾರೆ. ರಾಯರಿಗೆ ಪ್ರಾಣವಾದದ್ದು ಹೊಸ ಹಕ್ಕಿ. ಜೀವಮಾನದಲ್ಲಿ ಮೊದಲ ಸಲ ಕಂಡ ಹಕ್ಕಿಗೆ ಈ ಪಂಥದವರು ಲೈಫರ್ ಅನ್ನುತ್ತಾರೆ. ಲೈಫರ್ ಕಂಡ ದಿನ ರಾಯರು ಅದನ್ನು ತಮ್ಮ ಪಟ್ಟಿಗೆ ಸೇರಿಸಿ, ಹೆಂಡತಿಗೆ ಮೈಸೂರುಪಾಕು ತರುತ್ತಾರೆ. ಅದೇ ಹಕ್ಕಿ ಮಾರನೆಯ ದಿನ ಅವರ ತಲೆಯ ಮೇಲೆಯೇ ಬಂದು ಕೂತರೂ, "ಆಗಿದೆ" ಅಂದು ಮುಂದೆ ನಡೆಯುತ್ತಾರೆ. "ಸಾರ್, ನವಿಲು ಗರಿ ಬಿಚ್ಚಿ ಕುಣೀತಿದೆ!" ಅಂದರೆ, "ಹೂಂ, ಆಗಿದೆ."

ಜಗತ್ತಿನಲ್ಲಿ ಸುಮಾರು 11,000 ಬಗೆಯ ಹಕ್ಕಿಗಳಿವೆ. ಕರ್ನಾಟಕದಲ್ಲಿ ಹೆಚ್ಚೆಂದರೆ ಐನೂರು ಚಿಲ್ಲರೆ. ಉಳಿದ ಹತ್ತು ಸಾವಿರ ರಾಯರಿಗೆ ಬರಬೇಕಾದ ಬಾಕಿ. ಈ ಬಾಕಿವಸೂಲಿಗೆ ಅವರ ಆದರ್ಶ ಫೀಬಿ ಸ್ನೆಟ್ಸಿಂಗರ್ ಎಂಬ ಅಮೆರಿಕದ ಗೃಹಿಣಿ. 1981ರಲ್ಲಿ ಆಕೆಗೆ ಕ್ಯಾನ್ಸರ್ ಎಂದು ವೈದ್ಯರು ಕೈಚೆಲ್ಲಿದರು. ಆಕೆ ಬೈನಾಕ್ಯುಲರ್ ಹಿಡಿದು ಹೊರಟರು, 8,000ಕ್ಕೂ ಹೆಚ್ಚು ಬಗೆಯ ಹಕ್ಕಿ ಕಂಡರು, ಜಗತ್ತಿನಲ್ಲಿ ಅಷ್ಟು ಕಂಡವರಲ್ಲಿ ಮೊದಲಿಗರಾದರು. ಕೊನೆಗೆ 1999ರಲ್ಲಿ ಮಡಗಾಸ್ಕರ್‌ನಲ್ಲಿ ಹಕ್ಕಿ ನೋಡಲು ಹೋಗುವಾಗ ವ್ಯಾನು ಮಗುಚಿ ತೀರಿಕೊಂಡರು. ಈ ಕಥೆ ಹೇಳುವಾಗ ರಾಯರು ಕಾಯಿಲೆಗೆ ಒಂದು ವಾಕ್ಯ, ಸಾವಿಗೆ ಒಂದು ವಾಕ್ಯ, ಪಟ್ಟಿಗೆ ಅರ್ಧ ಗಂಟೆ ಮೀಸಲಿಡುತ್ತಾರೆ.

ಇಂಥ ರಾಯರು ದಸರಾ ರಜೆಯಲ್ಲಿ ಬೆಂಗಳೂರಿನಿಂದ ಹೊರಟ ಕೆನ್ಯಾ ಪ್ಯಾಕೇಜ್ ಟೂರಿನಲ್ಲಿ ನಮ್ಮ ವ್ಯಾನಿಗೇ ಬಂದರು. ಹಕ್ಕಿಯವರಿಗೆಂದೇ ಬೇರೆ ಪ್ರವಾಸಗಳಿವೆ. ಅವಕ್ಕೆ ದುಡ್ಡು ಮೂರು ಪಟ್ಟು. ಹಾಗಾಗಿ ಮಗಳು ಅಪ್ಪ ಅಮ್ಮನಿಗೆ ಮಾಮೂಲಿ ಪ್ಯಾಕೇಜ್ ಬುಕ್ ಮಾಡಿ, "ಅಪ್ಪಾ, ಅಲ್ಲೂ ಹಕ್ಕಿ ಇರ್ತವೆ" ಎಂದು ಸಮಾಧಾನ ಹೇಳಿ ಕಳಿಸಿದ್ದಳು. ವ್ಯಾನಿನಲ್ಲಿ ಉಳಿದವರು ನಾವೆಲ್ಲ ಸಿಂಹದ ಕಡೆಯವರು. ಮೈಸೂರಿನ ಸೀರೆ ಅಂಗಡಿ ಯಜಮಾನರು ಮತ್ತವರ ಪತ್ನಿ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ದಂಪತಿ, ಅವರ ಏಳು ವರ್ಷದ ಮಗ, ನಾನು.

ಯಜಮಾನರು ಕಬಿನಿಗೆ ವರ್ಷಕ್ಕೆರಡು ಸಲ ಹೋಗುವ ಪೈಕಿ. ಅಲ್ಲಿನ ಕರಿಚಿರತೆಯನ್ನು ಕಂಡೇ ಬಿಟ್ಟೆ ಎಂದು ಅವರೂ, ಅದು ನೆರಳು ಎಂದು ಅವರ ಪತ್ನಿಯೂ ಇವತ್ತಿಗೂ ವಾದಿಸುತ್ತಾರೆ. ಕೆನ್ಯಾದಲ್ಲಿ ಅವರ ಗುರಿ ಬಿಗ್ ಫೈವ್. ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ. ಟೂರಿನವರು ಕೊಟ್ಟ ಕಾರ್ಡಿನಲ್ಲಿ ಐದೂ ಪ್ರಾಣಿಗಳ ಎದುರು ಚೌಕಗಳಿದ್ದವು. ಕಂಡರೆ ಗುರುತು ಹಾಕುವುದು. ರಾಯರು ಆ ಕಾರ್ಡನ್ನು ನೋಡಿ ಕನಿಕರದಿಂದ ನಕ್ಕರು. "ಈ ಐದನ್ನ ಆರಿಸಿದ್ದು ಯಾರು ಗೊತ್ತೇನ್ರಿ? ಬೇಟೆಗಾರರು. ಕಾಲ್ನಡಿಗೇಲಿ ಹೊಡೆಯೋಕೆ ಕಷ್ಟ ಆಗೋ ಐದು ಪ್ರಾಣಿ ಅಂತ. ನೀವು ಅದನ್ನ ಹಿಡ್ಕೊಂಡು ಟಿಕ್ ಹಾಕ್ತಾ ಕೂತಿದೀರಿ." ಹೀಗೆ ಅಂದವರ ಮಡಿಲಲ್ಲಿ ಕೆನ್ಯಾದ ಸಾವಿರಕ್ಕೂ ಹೆಚ್ಚು ಹಕ್ಕಿಗಳ ಹೆಸರು, ಪ್ರತಿಯೊಂದರ ಮುಂದೆ ಒಂದು ಚೌಕ ಇರುವ, ಸ್ಪೈರಲ್ ಬೈಂಡ್ ಮಾಡಿಸಿದ ಪಟ್ಟಿ ಇತ್ತು.

ನೈರೋಬಿಯಿಂದ ನಕುರುವಿಗೆ ನೂರಾ ಅರವತ್ತು ಕಿಲೋಮೀಟರ್. ದಾರಿಯಲ್ಲಿ ರಿಫ್ಟ್ ಕಣಿವೆಯ ಅಂಚಿನಲ್ಲಿ ಎಲ್ಲರೂ ಇಳಿದು ಭೂಮಿ ಬಿರಿದ ಆ ಅಗಾಧ ಹಳ್ಳದ ಫೋಟೋ ತೆಗೆದರು. ರಾಯರು ಅದಕ್ಕೆ ಬೆನ್ನು ತಿರುಗಿಸಿ ಕೀಚೈನ್ ಅಂಗಡಿಯ ತಗಡಿನ ಸೂರನ್ನು ನೋಡುತ್ತಿದ್ದರು. ಅಲ್ಲೊಂದು ಗುಬ್ಬಿ ಕೂತಿತ್ತಂತೆ.

ಮರುದಿನ ಬೆಳಗ್ಗೆ ಆರಕ್ಕೆ ಪಾರ್ಕಿನ ಗೇಟು. ಲೇಕ್ ನಕುರು ರಾಷ್ಟ್ರೀಯ ಉದ್ಯಾನ 188 ಚದರ ಕಿಲೋಮೀಟರ್, ಸುತ್ತಲೂ ವಿದ್ಯುತ್ ಬೇಲಿ, ಬೇಲಿಗೆ ಅಂಟಿಕೊಂಡೇ ಒಂದು ದೊಡ್ಡ ಪೇಟೆ. ಟಿಕೆಟ್ ಮಾಡಿಸುವಾಗ ಒಂದು ಬಬೂನು ನಿಧಾನವಾಗಿ ನಡೆದು ಬಂತು. ತನ್ನದೇ ಗಾಡಿ ಎಂಬಂತೆ ಬಾಗಿಲ ಮೂಲಕ ಕೈಹಾಕಿ, ರಾಯರ ತೊಡೆ ಪಕ್ಕದ ಊಟದ ಪೆಟ್ಟಿಗೆಯಿಂದ ಬಾಳೆಹಣ್ಣು ಎತ್ತಿಕೊಂಡು, ಸುಲಿದು, ಅಲ್ಲೇ ತಿಂದಿತು. ರಾಯರು ಆಗ ಬೇಲಿ ಮೇಲಿನ ಏನನ್ನೋ ನೋಡುತ್ತಿದ್ದರು. ಸಿಪ್ಪೆ ಅವರ ಬೂಟಿನ ಮೇಲೆ ಬಿತ್ತು.

"ರೀ, ಬಬೂನು ಹಣ್ಣು ತಿಂತು ರೀ."

"ಮ್."

"ನಿಮ್ಮದೇ ಹಣ್ಣು."

"ಶ್... ಹಾರೋಗುತ್ತೆ."

ರಾಯರ ಹೆಂಡತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಪಟ್ಟಿ ರಾಯರೆಂಬ ಜಾತಿ ಇವತ್ತಿನವರೆಗೂ ಅಳಿಯದೆ ಉಳಿದಿರುವುದು ಇಂಥ ಹೆಂಗಸರಿಂದ. ಕೆನ್ಯಾದಲ್ಲಿ ಪ್ಲಾಸ್ಟಿಕ್ ಕವರಿಗೆ 2017ರಿಂದಲೇ ನಿಷೇಧ, ಪಾರ್ಕುಗಳೊಳಗೆ ಒಮ್ಮೆ ಬಳಸಿ ಬಿಸಾಡುವ ಬಾಟಲಿಯೂ ಸಲ್ಲದು. ಇದನ್ನು ಟೂರಿನವರು ಹೇಳಲು ಮರೆತಿದ್ದರು. ಈಯಮ್ಮ ಮಾತ್ರ ಕೋಡುಬಳೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಎಲ್ಲವನ್ನೂ ಬೆಂಗಳೂರಲ್ಲೇ ಸ್ಟೀಲ್ ಡಬ್ಬಿಗೆ ತುಂಬಿ ತಂದಿದ್ದರು. ಗಂಡ ಹಕ್ಕಿ ಹೆಸರು ಕೂಗಿದ ತಕ್ಷಣ ಪೆನ್ನಿನ ಮುಚ್ಚಳ ತೆಗೆದು ಕೈಗಿಡುವುದು, ಬರೆದಾದ ಮೇಲೆ ಮುಚ್ಚಳ ಹಾಕುವುದು. ನಡುವೆ ಸ್ವೆಟರು. ಮೂವತ್ತು ವರ್ಷದಲ್ಲಿ ಎಷ್ಟು ಸ್ವೆಟರು ಹೆಣೆದಿರಬಹುದೋ, ಅದರ ಪಟ್ಟಿಯನ್ನು ಯಾರೂ ಇಟ್ಟಿಲ್ಲ.

ವ್ಯಾನಿನ ಸೂರು ಮೇಲೆತ್ತಿದರು. ಎಲ್ಲರೂ ಎದ್ದು ನಿಂತೆವು. ಮೊದಲ ಕಾಲು ಗಂಟೆಯಲ್ಲೇ ಜೀಬ್ರಾ, ಇಂಪಾಲ, ಕಾಡೆಮ್ಮೆ. ಯಜಮಾನರು ಕಾರ್ಡಿನಲ್ಲಿ ಒಂದು ಚೌಕ ತುಂಬಿಸಿ ಡ್ರೈವರನ್ನು ಕೇಳಿದರು, "ಆನೆ ಎಷ್ಟೊತ್ತಿಗೆ?" ಈ ಪಾರ್ಕಿನಲ್ಲಿ ಆನೆ ಇಲ್ಲವೆಂದು ತಿಳಿದು ಅವರಿಗೆ ಬೇಸರವೂ ಆಯಿತು, ಒಂದು ಬಗೆಯ ಹೆಮ್ಮೆಯೂ ಆಯಿತು. "ನಮ್ಮ ಎಚ್.ಡಿ. ಕೋಟೆಗೆ ಬಂದ್ರೆ ಗದ್ದೆಗೇ ಬರುತ್ತೆ, ಟಿಕೆಟ್ಟೂ ಇಲ್ಲ" ಅಂದರು.

ನಮ್ಮ ಡ್ರೈವರ್ ಕಮ್ ಗೈಡ್ ನಲವತ್ತರ ಆಸುಪಾಸಿನ ಶಾಂತ ಮನುಷ್ಯ. ಕೆನ್ಯಾದಲ್ಲಿ ಗೈಡುಗಳಿಗೆ ಪರೀಕ್ಷೆ ಇದೆ, ಕಂಚು, ಬೆಳ್ಳಿ, ಚಿನ್ನ ಎಂದು ದರ್ಜೆಗಳಿವೆ. ಈತ ಎದೆಗೆ ಬೆಳ್ಳಿ ದರ್ಜೆಯ ಬ್ಯಾಡ್ಜು ಚುಚ್ಚಿಕೊಂಡಿದ್ದ. ಹಿರಿಯರಿಗೆ ಅಲ್ಲಿ ಮರ್ಯಾದೆಯಿಂದ ಕರೆಯುವಂತೆ ರಾಯರನ್ನು "ಮ್ಜೇ" ಎನ್ನುತ್ತಿದ್ದ, ಅವರ ಹೆಂಡತಿಯನ್ನು "ಮಾಮಾ". ರಾಯರ ಕೈಯಲ್ಲಿದ್ದ ಪುಸ್ತಕ ಕಂಡಾಗ ಅವನ ಮುಖ ಅರಳಿತು. ಸ್ಟೀವನ್‌ಸನ್ ಮತ್ತು ಫ್ಯಾನ್‌ಷಾ ಬರೆದ ಪೂರ್ವ ಆಫ್ರಿಕಾದ ಹಕ್ಕಿಗಳ ಕೈಪಿಡಿ. ಈ ಇಬ್ಬರೂ ಇನ್ನೊಬ್ಬ ಗೆಳೆಯನ ಜೊತೆ 1986ರಲ್ಲಿ ಕೆನ್ಯಾದಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 342 ಬಗೆಯ ಹಕ್ಕಿ ನೋಡಿ ಗಿನ್ನೆಸ್ ಪುಸ್ತಕ ಸೇರಿದವರು. ರಾಯರು ಈ ಸಂಗತಿಯನ್ನು ವ್ಯಾನಿಗೆಲ್ಲ ಕೇಳುವಂತೆ ಹೇಳಿದರು. ಸಾಫ್ಟ್‌ವೇರ್ ಹುಡುಗ ಮನಸ್ಸಿನಲ್ಲೇ ಭಾಗಿಸಿ, "ನಾಲ್ಕು ನಿಮಿಷಕ್ಕೊಂದು ಅಂಕಲ್. ಊಟ, ಬಾತ್‌ರೂಮು?" ಎಂದ. ರಾಯರು ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ.

ತಕರಾರು ಶುರುವಾದದ್ದು ಸಿಸ್ಟಿಕೋಲದಿಂದ. ಇದು ಹುಲ್ಲಿನಲ್ಲಿರುವ, ಬೆರಳುದ್ದದ, ಕಂದು ಬಣ್ಣದ ಹಕ್ಕಿ. ಇದಕ್ಕೆ ಪೂರ್ವ ಆಫ್ರಿಕಾದಲ್ಲಿ ಹತ್ತಾರು ದಾಯಾದಿಗಳು, ಎಲ್ಲವೂ ಬೆರಳುದ್ದ, ಎಲ್ಲವೂ ಕಂದು. ರೂಪ ನೋಡಿ ಗುರುತಿಸಲಾಗದೆ ಪಂಡಿತರು ದನಿ ಕೇಳಿ ಹೆಸರಿಟ್ಟಿದ್ದಾರೆ. ಗಡಗಡ ಅನ್ನುವುದೊಂದು, ಗೋಳಾಡುವುದೊಂದು, ಸಿಳ್ಳೆ ಹಾಕುವುದೊಂದು. ನಮ್ಮ ಪಾಲಿಗೆ ಸಿಕ್ಕಿದ್ದು ಬಾಯಿ ಬಿಡದೆ ಕೂತಿತ್ತು. ರಾಯರು ಕೈಯೆತ್ತಿ ವ್ಯಾನು ನಿಲ್ಲಿಸಿದರು. ಎಂಜಿನ್ ಬಂದಾಯಿತು. ಅದು ಕೂಗಲಿ ಎಂದು ಎಂಟು ಜನ ಉಸಿರು ಹಿಡಿದು ಕಾದೆವು. ಅಷ್ಟರಲ್ಲಿ ರೇಡಿಯೋ ಕರಕರ ಅಂದಿತು. ಸ್ವಾಹಿಲಿಯಲ್ಲಿ ಏನೋ ಮಾತು, ಅದರ ನಡುವೆ "ಚುಯಿ". ಯಜಮಾನರು ನಾಲ್ಕು ದಿನದಲ್ಲಿ ಕಲಿತ ಐದೇ ಸ್ವಾಹಿಲಿ ಶಬ್ದಗಳಲ್ಲಿ ಅದೂ ಒಂದು. ಚಿರತೆ!

"ಹೊರಡಿ, ಹೊರಡಿ!"

"ಒಂದು ನಿಮಿಷ, ಈಗ ಕೂಗುತ್ತೆ" ಅಂದರು ರಾಯರು.

"ಸಾರ್, ಅದು ಹತ್ತು ನಿಮಿಷದಿಂದ ಮೌನವ್ರತದಲ್ಲಿದೆ!"

ದೊಡ್ಡವರ ವೋಟಿಗೆ ಹಾಕಲಾಯಿತು. ಚಿರತೆ ಆರು, ಸಿಸ್ಟಿಕೋಲ ಒಂದು. ರಾಯರ ಹೆಂಡತಿಯೂ ಚಿರತೆಗೇ ಕೈಯೆತ್ತಿದ್ದು ರಾಯರ ಮನಸ್ಸಿಗೆ ತುಂಬ ನೋವುಂಟುಮಾಡಿತು. ನಾವು ಧೂಳೆಬ್ಬಿಸಿಕೊಂಡು ಹೋಗಿ ನೋಡಿದಾಗ ಹನ್ನೆರಡು ವ್ಯಾನು ಒಂದು ಪೊದೆಯ ಸುತ್ತ ನಿಂತಿದ್ದವು. ಚಿರತೆ ಪೊದೆಯೊಳಗಿದೆ ಎಂದು ಹನ್ನೆರಡೂ ವ್ಯಾನಿನವರು ಹೇಳಿದರು. ಕಂಡವರು ಯಾರೂ ಇರಲಿಲ್ಲ. ಮುಕ್ಕಾಲು ಗಂಟೆ ಪೊದೆಯ ದರ್ಶನ ಮಾಡಿದೆವು. ಅಲ್ಲಿಂದ ಹೊರಟಾಗ ರಾಯರು ತಣ್ಣಗೆ, "ಆ ಪೊದೇಲಿ ಎರಡು ಲೈಫರ್ ಸಿಕ್ತು" ಅಂದರು.

ಕೆರೆ ಕಂಡದ್ದು ಒಂಬತ್ತರ ಹೊತ್ತಿಗೆ. ನಕುರು ಅಂದರೆ ರಾಜಹಂಸ. ಹಳೆಯ ಕ್ಯಾಲೆಂಡರುಗಳಲ್ಲಿ ಕೆರೆಯ ಅಂಚೆಲ್ಲ ಗುಲಾಬಿ, ನೀರಿಗಿಂತ ಹಕ್ಕಿಯೇ ಹೆಚ್ಚು. ಒಳ್ಳೆಯ ಕಾಲದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಸೇರುತ್ತಿದ್ದವು. ಸಾಫ್ಟ್‌ವೇರ್ ಹುಡುಗಿ ಈ ಒಂದು ಬೆಳಗಿಗಾಗಿಯೇ ಗುಲಾಬಿ ಡ್ರೆಸ್ ತಂದಿದ್ದಳು. ಕಂಡದ್ದು ದೂರದ ದಂಡೆಯಲ್ಲಿ ತೆಳ್ಳಗಿನ ಒಂದು ಗುಲಾಬಿ ಗೆರೆ, ಹತ್ತಿರದಲ್ಲಿ ನೀರಿನೊಳಗೆ ಸತ್ತು ನಿಂತ ಸಾವಿರಾರು ಜಾಲಿಮರ.

"ಟೂರಿನವರು ಮೋಸ ಮಾಡಿದ್ರು" ಅಂದಳು ಹುಡುಗಿ.

ಇಂಥ ಗಳಿಗೆಯಲ್ಲಿ ಪಟ್ಟಿ ರಾಯರನ್ನು ಮೆಚ್ಚದೆ ವಿಧಿಯಿಲ್ಲ. ಬೈನಾಕ್ಯುಲರ್ ಕೆಳಗಿಳಿಸಿ, ಅಪ್ಪಟ ಮೇಷ್ಟರಾಗಿ ವಿವರಿಸಿದರು. ಇದು ಚೌಳು ನೀರಿನ ಕೆರೆ. ಆ ಚೌಳಿನಲ್ಲಿ ಸ್ಪಿರುಲಿನ ಅನ್ನುವ ಪಾಚಿ ಬೆಳೆಯುತ್ತೆ, ಆರೋಗ್ಯದ ಅಂಗಡಿಯಲ್ಲಿ ಮಾತ್ರೆ ಮಾಡಿ ಮಾರುತ್ತಾರಲ್ಲ, ಆ ಕುಲದ್ದೇ. ಚಿಕ್ಕ ರಾಜಹಂಸಕ್ಕೆ ಅದೇ ಅನ್ನ, ಮೈಬಣ್ಣವೂ ಅದರಿಂದಲೇ. 2010ರ ನಂತರ ರಿಫ್ಟ್ ಕಣಿವೆಯ ಕೆರೆಗಳೆಲ್ಲ ಉಬ್ಬುತ್ತ ಬಂದವು, ಇಲ್ಲಿ ಪಾರ್ಕಿನ ಹಳೆಯ ಮುಖ್ಯ ಗೇಟು, ಕಚೇರಿಗಳೇ ಮುಳುಗಿದವು. ನೀರು ಹೆಚ್ಚಾಗಿ ಚೌಳು ತೆಳುವಾಯಿತು, ಪಾಚಿ ಕಡಿಮೆಯಾಯಿತು, ಹಂಸಗಳು ಉತ್ತರಕ್ಕೆ ಬೊಗೋರಿಯಾ ಕೆರೆಯ ಕಡೆ ಗಂಟುಮೂಟೆ ಕಟ್ಟಿದವು. ಎದುರಿಗಿದ್ದ ಹೆಜ್ಜಾರ್ಲೆಗಳ ಹಿಂಡನ್ನು ತೋರಿಸಿ, ಇವು ಕೂಡ ಇಲ್ಲಿಯ ಮೂಲನಿವಾಸಿಗಳಲ್ಲ, ಸೊಳ್ಳೆ ತಿನ್ನಲೆಂದು ಅರುವತ್ತು ಎಪ್ಪತ್ತು ವರ್ಷದ ಹಿಂದೆ ತಿಲಾಪಿಯಾ ಮೀನು ತಂದು ಬಿಟ್ಟರು, ಮೀನಿನ ಸುದ್ದಿ ತಿಳಿದು ಇವು ಬಂದವು ಎಂದರು. ಪುಟ್ಟ ಹುಡುಗ "ತಾತ, ಅವಕ್ಕೆ ಯಾರು ಹೇಳಿದ್ರು?" ಎಂದು ಕೇಳಿದ. ರಾಯರು ಒಂದು ಕ್ಷಣ ಯೋಚಿಸಿ, "ಗೊತ್ತಿಲ್ಲ ಮರಿ" ಅಂದದ್ದು ನನಗೆ ಹಿಡಿಸಿತು.

ಅದೇ ಉಸಿರಿನಲ್ಲಿ ಅವರು ಮತ್ತೆ ಪಟ್ಟಿ ರಾಯರಾದರು. ದಂಡೆಯಲ್ಲಿ ಕಪ್ಪು ಬಿಳಿ ಮಿಂಚುಳ್ಳಿಯೊಂದು ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಿತ್ತು. ಕೊಕ್ಕು ನೇರ ಕೆಳಕ್ಕೆ, ತಲೆ ಅಲುಗದೆ ಸ್ಥಿರ, ರೆಕ್ಕೆ ಮಾತ್ರ ಕಣ್ಣಿಗೆ ಸಿಗದಷ್ಟು ವೇಗ. ಒಮ್ಮೆಲೇ ರೆಕ್ಕೆ ಮಡಚಿ ಬಿತ್ತು. ಮೀನು ಹಿಡಿದು ಮೇಲೆದ್ದಾಗ ವ್ಯಾನಿಗೆ ವ್ಯಾನೇ ಚಪ್ಪಾಳೆ ತಟ್ಟಿತು. ರಾಯರು ಪುಸ್ತಕದಿಂದ ತಲೆಯನ್ನೇ ಎತ್ತಲಿಲ್ಲ. "ಮಡಿವಾಳ ಕೆರೇಲಿ ಆಗಿದೆ."

ಇನ್ನು ದಿನದ ಮುಖ್ಯ ಘಟನೆ. ಕೆರೆಯ ದಕ್ಷಿಣಕ್ಕೆ ಹುಲ್ಲುಗಾವಲಲ್ಲಿ, ರಸ್ತೆಯಿಂದ ಇಪ್ಪತ್ತು ಹೆಜ್ಜೆಗೆ, ಬಿಳಿ ಖಡ್ಗಮೃಗ. ತಾಯಿ ಮತ್ತು ಮರಿ. ತಾಯಿ ಅಗಲ ತುಟಿಯಿಂದ ಹುಲ್ಲನ್ನು ಕತ್ತರಿಸುವ ಸದ್ದು ನಮಗೆ ಕೇಳಿಸುತ್ತಿತ್ತು. ಯಜಮಾನರ ಕೈ ನಡುಗಿ ಮೊಬೈಲು ಬೀಳುವುದರಲ್ಲಿತ್ತು. ಅವರ ಪತ್ನಿ ಯಾಕೋ ಕೈಮುಗಿದರು. ಮಾತು ನಿಂತ ಆ ಹೊತ್ತಿನಲ್ಲಿ ರಾಯರ ಸ್ವರ ಬಂತು, "ಇದು ಸ್ವಲ್ಪ ಆ ಕಡೆ ತಿರುಗಿದ್ರೆ ಚೆನ್ನಾಗಿತ್ತು."

ಖಡ್ಗಮೃಗದ ಭುಜದ ಮೇಲೆ ಆಕ್ಸ್‌ಪೆಕರ್ ಹಕ್ಕಿ ಕೂತಿತ್ತು, ಉಣ್ಣೆ ಹೆಕ್ಕಿ ತಿನ್ನುವಂಥದ್ದು. ಅದರಲ್ಲಿ ಎರಡು ಬಗೆ. ಕೊಕ್ಕು ಪೂರ್ತಿ ಕೆಂಪಿದ್ದು ಕಣ್ಣ ಸುತ್ತ ಹಳದಿ ಬಳೆ ಇದ್ದರೆ ಒಂದು. ಬುಡ ಹಳದಿ, ತುದಿ ಮಾತ್ರ ಕೆಂಪಿದ್ದರೆ ಇನ್ನೊಂದು. ನಮ್ಮ ಹಕ್ಕಿ ತನ್ನ ಕೊಕ್ಕನ್ನು ಖಡ್ಗಮೃಗದ ಕಿವಿಯೊಳಗೆ ತೂರಿಸಿತ್ತು. ಎರಡು ಟನ್ ತೂಕದ ಪ್ರಾಣಿ ರಾಯರ ಪಾಲಿಗೆ ಒಂದು ಅಡ್ಡಗೋಡೆ, ಅಷ್ಟೇ.

"ಸಾರ್," ಅಂದರು ಯಜಮಾನರು, "ಖಡ್ಗಮೃಗ ಸಾರ್! ಜೀವಮಾನದಲ್ಲಿ ಮೊದಲನೇ ಸಲ!"

"ಇದು ಹಕ್ಕಿಗಳ ಪಾರ್ಕು ರೀ. ಮೊದಲು ಕಾಪಾಡಿದ್ದೇ ಹಕ್ಕಿಗೋಸ್ಕರ, 1960ರ ದಶಕದಲ್ಲಿ. ಈ ಖಡ್ಗಮೃಗಗಳನ್ನ ತಂದು ಬಿಟ್ಟದ್ದು ಎಂಬತ್ತರ ದಶಕದ ಮೇಲೆ. ಇವು ನಮ್ಮ ಅತಿಥಿಗಳು." 'ನಮ್ಮ' ಎಂದರು. ಇಷ್ಟು ಹೊತ್ತಿಗೆ ರಾಯರು ಹಕ್ಕಿಗಳ ಪಕ್ಷ ಸೇರಿಯಾಗಿತ್ತು.

ಅಷ್ಟರಲ್ಲಿ ಮರಿಯ ಕಾಲ ಬುಡದಿಂದ ಒಂದು ಬಿಳಿ ಹಕ್ಕಿ ಹೊರಗೆ ಬಂತು. ಹಳದಿ ಕೊಕ್ಕು, ಗೂನು ಕತ್ತು, ಒಂದೊಂದು ಹೆಜ್ಜೆಗೂ ತಲೆ ಮುಂದಕ್ಕೆ ಚಾಚುವ ನಡಿಗೆ. ಯಾವ ಕನ್ನಡಿಗನಿಗೂ ಪರಿಚಯ ಬೇಡ. ಗೋವಕ್ಕಿ. ರಾಯರು ಚೀರಿದರು.

"ಲೈಫರ್! ಲೈಫರ್! ಪೆನ್ನು!"

ಯಜಮಾನರು ನಿಧಾನವಾಗಿ ತಿರುಗಿದರು. "ಏನ್ ಸಾರ್ ಇದು? ಶ್ರೀರಂಗಪಟ್ಟಣದ ಗದ್ದೇಲಿ ಟಿಲ್ಲರ್ ಹಿಂದೆ ಓಡಾಡ್ತಿರುತ್ತಲ್ಲ, ಅದೇ ಅಲ್ವಾ?"

"ಅದು ಪೂರ್ವದ್ದು. ಇದು ಪಶ್ಚಿಮದ್ದು. ಮೊದಲು ಎರಡೂ ಒಂದೇ ಅಂತಿದ್ರು, ಇತ್ತೀಚೆಗೆ ಬೇರೆ ಬೇರೆ ಮಾಡಿದ್ರು."

"ಏನು ವ್ಯತ್ಯಾಸ?"

"ಮರಿ ಮಾಡೋ ಕಾಲದಲ್ಲಿ ನಮ್ಮದಕ್ಕೆ ತಲೆ, ಕೆನ್ನೆ, ಕತ್ತು ಎಲ್ಲ ಕಿತ್ತಳೆ ಬಣ್ಣ ಬರುತ್ತೆ. ಇದಕ್ಕೆ ನೆತ್ತಿ, ಎದೆ, ಬೆನ್ನು ಅಷ್ಟೇ, ಅದೂ ತಿಳಿಯಾಗಿ."

"ಈಗ?"

"ಈಗ ಎರಡೂ ಬಿಳಿ."

"ಹಂಗಾದ್ರೆ ಇದು ಪಶ್ಚಿಮದ್ದೇ ಅಂತ ಹೆಂಗೆ ಗೊತ್ತಾಯ್ತು?"

"ನಾವು ಕೆನ್ಯಾದಲ್ಲಿದೀವಲ್ಲ."

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೂರು ತಲೆಮಾರಿನ ವ್ಯಾಪಾರದ ಬುದ್ಧಿ ಒಳಗೆ ಕೆಲಸ ಮಾಡುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ತಲೆದೂಗಿದರು. "ಅರ್ಥ ಆಯ್ತು ಬಿಡಿ ಸಾರ್. ನಮ್ಮಲ್ಲೂ ಸೀರೆಗೆ ಲೇಬಲ್ ಹಂಗೇ ಹಾಕೋದು."

ಈ ಒಡೆಯುವ, ಕೂಡಿಸುವ ವ್ಯವಹಾರ ರಾಯರ ಬದುಕಿನ ಷೇರುಪೇಟೆ. ಪಂಡಿತರು ಎಲ್ಲೋ ಕೂತು ಒಂದು ಜಾತಿಯನ್ನು ಎರಡು ಮಾಡಿದರೆ, ರಾಯರು ಮಲಗಿದ್ದಲ್ಲೇ ಇ-ಬರ್ಡ್ ಜಾಲತಾಣದಲ್ಲಿರುವ ಅವರ ಪಟ್ಟಿ ಒಂದು ಏರುತ್ತದೆ. ಎರಡನ್ನು ಕೂಡಿಸಿ ಒಂದು ಮಾಡಿದರೆ ಇಳಿಯುತ್ತದೆ. ಇಳಿದ ದಿನ ರಾಯರು ಊಟ ಸರಿಯಾಗಿ ಮಾಡುವುದಿಲ್ಲವಂತೆ. ಇದು ಅವರ ಹೆಂಡತಿ ಕೊಟ್ಟ ಮಾಹಿತಿ.

ಊಟಕ್ಕೆ ಬಬೂನ್ ಕ್ಲಿಫ್ ಎಂಬ ಬಂಡೆಗೆ ಹೋದೆವು. ಗೊತ್ತುಮಾಡಿದ ಇಂಥ ಕೆಲವು ಜಾಗ ಬಿಟ್ಟರೆ ಪಾರ್ಕಿನಲ್ಲಿ ಗಾಡಿಯಿಂದ ಇಳಿಯುವಂತಿಲ್ಲ. ಕೆಳಗೆ ಇಡೀ ಕೆರೆ. ಲಾಡ್ಜಿನವರು ಕೊಟ್ಟ ಪೆಟ್ಟಿಗೆಗಳಲ್ಲಿ ಒಣ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಸ್ಟೀಲ್ ಡಬ್ಬಿ ತೆರೆದುಕೊಂಡ ಮೇಲೆ ಅವುಗಳ ಕಡೆ ಯಾರೂ ನೋಡಲಿಲ್ಲ. ಗೈಡ್ ಮಹಾಶಯ ಪುಳಿಯೋಗರೆಯನ್ನು ಎರಡನೇ ಸಲ ಹಾಕಿಸಿಕೊಂಡ. ಮೇಜಿನ ಮೇಲೆ ಸೂಪರ್ಬ್ ಸ್ಟಾರ್ಲಿಂಗ್‌ಗಳು ಬಂದು ಕೂತವು. ಬೆನ್ನು ಹೊಳೆಯುವ ನೀಲಿಹಸಿರು, ಹೊಟ್ಟೆ ಇಟ್ಟಿಗೆ ಕೆಂಪು, ನಡುವೆ ಬಿಳಿಯ ಪಟ್ಟಿ, ಕಣ್ಣು ಬೆಣ್ಣೆಬಣ್ಣ. ಇಷ್ಟು ಚೆಲುವಾದ ಹಕ್ಕಿ ಅಲ್ಲಿ ಕಾಗೆಯಷ್ಟು ಸಾಮಾನ್ಯ. ರಾಯರಿಗೆ ನೈರೋಬಿಯ ಮೊದಲ ದಿನವೇ ಆಗಿತ್ತು, ತೋಳಿನಿಂದ ಅತ್ತ ಸರಿಸಿದರು. ಹುಡುಗ ಕೋಡುಬಳೆ ಚೂರು ಹಾಕಹೋದಾಗ ಮಾತ್ರ ಗದರಿದರು. ಕಾಡುಹಕ್ಕಿಗೆ ತಿನಿಸು ಹಾಕಬಾರದು. ಆ ಚೂರನ್ನು ಹುಡುಗ ತಾನೇ ತಿಂದ.

ಸಂಜೆ ಐದೂಕಾಲಕ್ಕೆ ಹಳದಿ ತೊಗಟೆಯ ಜಾಲಿಕಾಡಿನಲ್ಲಿ ಬರುತ್ತಿದ್ದೆವು. ಇಂಥ ಮರವಿದ್ದಲ್ಲಿ ಮಲಗಿದರೆ ಜ್ವರ ಬರುತ್ತದೆ ಎಂದು ಹಿಂದಿನ ಬಿಳಿಯ ಯಾತ್ರಿಕರು ಇದಕ್ಕೆ ಜ್ವರದ ಮರ ಎಂದೇ ಹೆಸರಿಟ್ಟರು. ಮರ ಬೆಳೆಯುವುದು ಜೌಗಿನಲ್ಲಿ, ಜೌಗಿನಲ್ಲಿ ಸೊಳ್ಳೆ. ಎಲ್ಲರೂ ದಣಿದಿದ್ದರು. ಯಜಮಾನರ ಕಾರ್ಡಿನಲ್ಲಿ ಕಾಡೆಮ್ಮೆ, ಖಡ್ಗಮೃಗ, ದೂರದಲ್ಲಿ ಮಲಗಿದ್ದ ಒಂದು ಸಿಂಹದ ಹೊಟ್ಟೆ, ಇಷ್ಟಕ್ಕೆ ಗುರುತು ಬಿದ್ದಿತ್ತು. ಚಿರತೆಯ ಚೌಕ ಖಾಲಿ. ಗೇಟು ಮುಚ್ಚುವುದು ಆರಕ್ಕೆ. ರಾಯರು ಒಬ್ಬರೇ ಎದ್ದು ನಿಂತಿದ್ದರು. ಅವರಿಗೆ ವೆರೋ ಹದ್ದುಗೂಬೆ ಬೇಕಿತ್ತು. ಆಫ್ರಿಕಾದ ಅತಿ ದೊಡ್ಡ ಗೂಬೆ, ಕಣ್ಣು ಮುಚ್ಚಿದರೆ ರೆಪ್ಪೆ ಗುಲಾಬಿ ಬಣ್ಣ. ಹಗಲೆಲ್ಲ ಇಂಥ ಮರದ ದಪ್ಪ ಕೊಂಬೆಯಲ್ಲಿ ಕೂತು ನಿದ್ದೆ ಮಾಡುತ್ತದೆ. ರಾಯರು ಒಂದೊಂದು ಮರವನ್ನೂ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಲೆಕ್ಕಪರಿಶೋಧನೆ ಮಾಡುತ್ತಿದ್ದರು.

"ನಿಲ್ಸಿ."

ವ್ಯಾನು ನಿಂತಿತು. ಯಾರೂ ಏಳಲಿಲ್ಲ.

"ಎಲ್ರೀ?" ಎಂದರು ಹೆಂಡತಿ, ಕರ್ತವ್ಯವೆಂದು, 'ಮುಚ್ಚಳ ತೆಗೆಯಲೇ' ಎಂಬ ಅರ್ಥದಲ್ಲಿ.

"ಆ ಹಳದಿ ಮರದಲ್ಲಿ."

ಅಲ್ಲಿದ್ದ ಐನೂರು ಮರವೂ ಹಳದಿ. ರಾಯರು ಬೈನಾಕ್ಯುಲರಿನ ಚಕ್ರ ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ಅವರ ಭುಜ ಇಳಿಯಿತು. ಇಷ್ಟು ನಿರಾಸೆಯ ದನಿಯನ್ನು ನಾನು ಈಚೆಗೆ ಕೇಳಿಲ್ಲ.

"ಛೆ. ಚಿರತೆ."

ಆಮೇಲೆ ಆದದ್ದನ್ನು ವ್ಯಾನಿನ ಸ್ಪ್ರಿಂಗುಗಳೇ ಹೇಳಬೇಕು. ಎಂಟೂ ಜನ ಒಂದೇ ಕಡೆಗೆ ಬಿದ್ದೆವು. ರಸ್ತೆಗೆ ಚಾಚಿದ ಕೊಂಬೆಯ ಮೇಲೆ, ನಾಲ್ಕು ಕಾಲು ನಾಲ್ಕು ಕಡೆ ಇಳಿಬಿಟ್ಟು, ಗದ್ದ ತೊಗಟೆಗೆ ಒತ್ತಿ, ಹೊಟ್ಟೆ ತುಂಬಿದ ಚಿರತೆ ಮಲಗಿತ್ತು. ಕಿವಿಗೆ ಕೂತ ನೊಣವನ್ನು ಮಾತ್ರ ಆಗಾಗ ಕೊಡವುತ್ತಿತ್ತು. ಯಜಮಾನರು ಫೋಟೋ ತೆಗೆಯುವುದನ್ನು ಮರೆತು ರಾಯರ ಕೈ ಹಿಡಿದು ಕುಲುಕುತ್ತಿದ್ದರು. ಗೈಡ್ ರೇಡಿಯೋದಲ್ಲಿ ಸುದ್ದಿ ಬಿಟ್ಟ. ಮೂರೇ ನಿಮಿಷದಲ್ಲಿ ಗಾಡಿಗಳ ಸಾಲು. ಫ್ರಾನ್ಸಿನವರೊಬ್ಬರು, ಕಂಡುಹಿಡಿದವರು ಯಾರೆಂದು ಕೇಳಿ ರಾಯರಿಗೆ ಟೋಪಿ ತೆಗೆದರು.

ರಾಯರು ಯಾವುದನ್ನೂ ಗಮನಿಸಲಿಲ್ಲ. ಹೆಂಡತಿಯ ಹತ್ತಿರ ದೂರುತ್ತಿದ್ದರು. "ಇದು ಅಲ್ಲಿ ಮಲಗಿರೋದ್ರಿಂದಲೇ ಗೂಬೆ ಎದ್ದು ಹೋಗಿರೋದು. ಎಂಥ ಒಳ್ಳೇ ಕೊಂಬೆ."

ರಾತ್ರಿ ಲಾಡ್ಜಿನ ಊಟದ ಮೇಜಿನಲ್ಲಿ ಪಟ್ಟಿ ಓದುವ ಶಾಸ್ತ್ರ ನಡೆಯಿತು. ಹಕ್ಕಿಯವರ ಪ್ರವಾಸಗಳಲ್ಲಿ ಇದು ಕಡ್ಡಾಯ. ಒಬ್ಬರು ಹೆಸರು ಓದುತ್ತಾರೆ, ಉಳಿದವರು ಕಂಡೆ, ಕಾಣಲಿಲ್ಲ ಎನ್ನಬೇಕು. ರಾಯರು ತಾವೇ ಓದಿ ತಾವೇ "ಕಂಡೆ" ಎನ್ನುತ್ತಿದ್ದರು. ಬೆಳಗಿನ ಸಿಸ್ಟಿಕೋಲ ಕೊನೆಗೂ ಬಾಯಿ ಬಿಡದಿದ್ದ ಕಾರಣ ಅದರ ಚೌಕದಲ್ಲಿ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ ಬಿತ್ತು. ಪಶ್ಚಿಮದ ಗೋವಕ್ಕಿಗೆ ಶಾಯಿಯಲ್ಲಿ ಗುರುತು. ಗೂಬೆಯ ಹೆಸರು ಬಂದಾಗ ಒಂದು ಕ್ಷಣ ಮೌನ.

ಆಗ ಯಜಮಾನರು ತಮ್ಮ ಕುರ್ಚಿಯನ್ನು ರಾಯರ ಹತ್ತಿರಕ್ಕೆ ಎಳೆದುಕೊಂಡರು. ಎರಡು ದಿನದಿಂದ ಯಾರಿಗೂ ಬಿಟ್ಟುಕೊಡದ ಮುಂದಿನ ಸೀಟನ್ನು ನಾಳೆ ರಾಯರಿಗೇ ಎಂದು ಮೊದಲು ಘೋಷಿಸಿದರು. ಆಮೇಲೆ ಅವರ ತಟ್ಟೆಗೆ ಒಂದು ಚಪಾತಿ ಬಡಿಸಿ, ದನಿ ತಗ್ಗಿಸಿದರು.

"ನಾಳೆ ಮಸಾಯಿ ಮಾರಾದಲ್ಲಿ ಏನು ಹುಡುಕ್ತೀರಿ ಸಾರ್?"

ರಾಯರು ಪುಸ್ತಕ ತಿರುವಿ, ಒಂದು ಪುಟಕ್ಕೆ ಬೆರಳಿಟ್ಟರು. ಕೋಳಿಯ ಹಾಗೆ ನೆಲದ ಮೇಲೆ ನಡೆದಾಡುವ, ಕೆಂಪು ಗಂಟಲಿನ, ಭಾರೀ ಗಾತ್ರದ ಕರಿ ಮಂಗಟ್ಟೆ.

ಯಜಮಾನರು ಚಿತ್ರವನ್ನು ಗಂಭೀರವಾಗಿ ನೋಡಿದರು. ಜೇಬಿನಿಂದ ತಮ್ಮ ಕಾರ್ಡು ತೆಗೆದು ಪಕ್ಕದಲ್ಲಿಟ್ಟುಕೊಂಡರು.

"ಸರಿ ಸಾರ್. ಅದರ ಪಕ್ಕ ಸಾಮಾನ್ಯವಾಗಿ ಏನಿರುತ್ತೆ?"